ಏಳು ರೊಟ್ಟಿ

ಕಸ್ತೂರಿಬಾಯಿಯ ಮನೆಯಲ್ಲಿ ಏನು ಬೇಕಾದರೂ ಎಣಿಸಬಹುದಿತ್ತು. ಕುಳ್ಳು ಎಣಿಸಬಹುದು, ನೀರಿನ ಕೊಡ ಎಣಿಸಬಹುದು, ಮಗ ಊರಿಗೆ ಬರುವ ದಿನಗಳನ್ನು ಬೆರಳು ಮಡಚಿ ಎಣಿಸಬಹುದು. ರೊಟ್ಟಿ ಮಾತ್ರ ಎಣಿಸುವಂತಿರಲಿಲ್ಲ. ಬಡಿಯುವಾಗ ಇಲ್ಲ, ಬಡಿಸುವಾಗ ಇಲ್ಲ, ಉಣ್ಣುವವರ ತಾಟಿನ ಕಡೆ ನೋಡಿ ಮನಸ್ಸಿನಲ್ಲಿ ಕೂಡ ಇಲ್ಲ. ಎಣಿಸಿದ ರೊಟ್ಟಿ ಉಂಡವರ ಮೈಗೆ ಹತ್ತುವುದಿಲ್ಲ, ಎಣಿಸಿದವರ ಬುಟ್ಟಿಯಲ್ಲಿ ಉಳಿಯುವುದೂ ಇಲ್ಲ ಎಂದು ಆಕೆಗೆ ಆಕೆಯ ಅತ್ತೆ ಹೇಳಿಕೊಟ್ಟಿದ್ದಳು. ಆ ಅತ್ತೆಗೆ ಅವಳ ಅತ್ತೆ.

ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ಖಾನಾವಳಿ. ಹೊರಗೆ ಬೋರ್ಡಿಲ್ಲ, ಒಳಗೆ ಮೇಜು ಕುರ್ಚಿಯಿಲ್ಲ. ಉದ್ದನೆಯ ಪಡಸಾಲೆಯಲ್ಲಿ ಎರಡು ಸಾಲು ಚಾಪೆ ಹಾಸಿದರೆ ಮುಗಿಯಿತು. ಊರಂಚಿನ ವಿಶ್ವವಿದ್ಯಾಲಯ ಕೇಂದ್ರದಲ್ಲಿ ಎಂ.ಎ. ಓದುವ ಹುಡುಗ ಹುಡುಗಿಯರು ಮಧ್ಯಾಹ್ನ ಒಂದೂವರೆಗೆ ಬಂದು, ಚಪ್ಪಲಿ ಬಿಟ್ಟು, ಸಾಲಾಗಿ ಕೂರುತ್ತಿದ್ದರು. ಕಸ್ತೂರಿಬಾಯಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಒಂದು ತುದಿಯಿಂದ ಹೊರಡುತ್ತಿದ್ದಳು. ಬಿಸಿ ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ. ತಿಂಗಳಿಗೆ ಇಷ್ಟು ಎಂದು ಮೊದಲಿಗೇ ಒಂದು ಮಾತಾದರೆ, ಆಮೇಲೆ ಯಾರು ಎಷ್ಟು ಉಂಡರೂ ಕೇಳುವವರಿಲ್ಲ. ತಾಟು ಖಾಲಿಯಾದಲ್ಲಿ ರೊಟ್ಟಿ ಬೀಳುತ್ತಿತ್ತು.

ಈ ಮನೆಯ ಸೊಸೆ ಶಾಂಭವಿ, ಜೇವರ್ಗಿ ತಾಲ್ಲೂಕಿನ ಅಂದೋಲಾದವಳು. ಬೆಳಿಗ್ಗೆ ಅತ್ತೆಯ ಪಕ್ಕ ಕೂತು ರೊಟ್ಟಿ ಬಡಿದು, ಹಿಟ್ಟಿನ ಕೈ ತೊಳೆದು, ಇಸ್ತ್ರಿ ಸೀರೆ ಉಟ್ಟು, ಹತ್ತು ಗಂಟೆಗೆ ಅದೇ ಹುಡುಗರ ಮುಂದೆ ಅತಿಥಿ ಉಪನ್ಯಾಸಕಿಯಾಗಿ ನಿಲ್ಲುವವಳು. ಗಂಡ ಸಿದ್ದಲಿಂಗ ಅಫಜಲಪುರದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ನಾದಿನಿ ಶೈಲಶ್ರೀ ಎಂ.ಎ. ಮೊದಲ ವರ್ಷ, ಅಂದರೆ ಅತ್ತಿಗೆಯ, ಅವಳ ಬಾಯಲ್ಲಿ ವೈನಿಯ, ಕ್ಲಾಸಿನಲ್ಲೇ ಮೂರನೆಯ ಬೆಂಚು.

ಆ ವರ್ಷ ಶಾಂಭವಿಗೆ ಹೊಸ ವಿಷಯವೊಂದನ್ನು ಕೊಟ್ಟಿದ್ದರು: ಆರೋಗ್ಯಕರ ಜೀವನಶೈಲಿ. ಎಲ್ಲರಿಗೂ ಕಡ್ಡಾಯ. ಬೇರೆಯವರು ಬೇಡವೆಂದದ್ದನ್ನು ಅವಳು ಹಬ್ಬದ ಸೀರೆಯಂತೆ ಎರಡೂ ಕೈಯಲ್ಲಿ ತೆಗೆದುಕೊಂಡಳು. ನೀರು, ನಿದ್ದೆ, ನಡಿಗೆ, ಫೋನು ದೂರ ಇಡುವುದು, ಸೊಪ್ಪು ತಿನ್ನುವುದು. ಪುಸ್ತಕದಿಂದ ಓದಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲವೆಂದು ಒಂದು ಕೆಲಸ ಹಚ್ಚಿದಳು. ಪ್ರತಿಯೊಬ್ಬರೂ ಒಂದು ನೋಟುಬುಕ್ಕು ಇಡಬೇಕು. ಅದರ ಹೆಸರು ತಾಟಿನ ಪುಸ್ತಕ. ಮೂರು ಗೀಟು ಎಳೆದು ಬರೆಯಬೇಕು: ಎಷ್ಟೊತ್ತಿಗೆ ಉಂಡೆ, ಏನು ಉಂಡೆ, ಎಷ್ಟು ಉಂಡೆ. "ಬರೆದದ್ದು ಖರೆ ಇರಬೇಕು, ಅದೊಂದೇ ನನ್ನ ಕರಾರು," ಎಂದಳು.

ಮರುದಿನ ಮಧ್ಯಾಹ್ನ ಪಂಕ್ತಿಯಲ್ಲಿ ಗುರುಶಾಂತನೆಂಬ ಹುಡುಗ ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಸಾಕ್ರಿ ಆಯಿ. ಮೂರಾದವು."

"ಏನ್ ಮೂರಾದವು?"

"ರೊಟ್ಟಿರಿ. ಬರೀಬೇಕಲ್ರಿ, ಮೇಡಂ ಹೇಳ್ಯಾರ."

ಕಸ್ತೂರಿಬಾಯಿ ಬುಟ್ಟಿ ಹಿಡಿದು ನಿಂತಲ್ಲೇ ನಿಂತಳು. ಸಾಲಿನ ಉದ್ದಕ್ಕೂ ನೋಡಿದಳು. ಎಲ್ಲರ ಎಡಮಗ್ಗುಲಿಗೆ ಒಂದೊಂದು ನೋಟುಬುಕ್ಕು, ಅದರ ಮೇಲೊಂದು ಪೆನ್ನು. ಉಣ್ಣುವ ಜಾಗವೋ ಪರೀಕ್ಷೆಯ ಹಾಲೋ ತಿಳಿಯದಂತಿತ್ತು.

ಹುಡುಗರು ಕೈ ತೊಳೆದು ಹೋದ ಮೇಲೆ ಆಕೆ ಬುಟ್ಟಿಯನ್ನು ಒಲೆಯ ಪಕ್ಕ ಕುಕ್ಕಿದಳು.

"ಏನು ಕಲಸಾಕತ್ತೀದಿ ಬೇ ನೀ ಹುಡುಗರಿಗಿ?"

"ಅತ್ತಿ, ಎಷ್ಟು ಉಣ್ಣತೇವಿ ಅಂತ ಗೊತ್ತಾದ್ರ ಚಟ ಸುಧಾರಿಸ್ತದ್ರಿ. ಎಣಸೋದು ಅಂದ್ರ..."

"ಎಣಸೋದು ಅಂದ್ರ ಏನಂತ ನನಗ ಹೇಳಬ್ಯಾಡ. ದನದ ಮುಂದ ಮೇವು ಹಾಕಿದವರೂ ಎಣಸಂಗಿಲ್ಲ."

"ಡಾಕ್ಟರ್ ನಿಮಗೂ ಹೇಳ್ಯಾನಲ್ರಿ, ಹೊತ್ತಿಗೆ ಸರಿಯಾಗಿ ಉಣ್ರಿ ಅಂತ. ನಾಲ್ಕು ಹೊಡದ್ರೂ ನೀವು ಉಣ್ಣಂಗಿಲ್ಲ. ಸಕ್ರಿ ಬ್ಯಾನಿ ಇಟ್ಕೊಂಡು..."

"ಕುಂತ ಮಂದಿ ಏಳೋತನ ನಾ ಹ್ಯಾಂಗ ಉಣ್ಣಲಿ? ನೀ ಕಾಲೇಜಿನ್ಯಾಗ ಮೇಡಂ. ಇಲ್ಲಿ ಅಲ್ಲ."

ಕಟ್ಟೆಯ ಮೇಲೆ ಕೂತಿದ್ದ ಮಾವ ಕಲ್ಯಾಣಪ್ಪ ಒಳಗೆ ಇಣುಕಿದರು. "ಶಾಂಭವಿ, ನನಗೂ ಒಂದು ಪುಸ್ತಕ ಕೊಡವ್ವಾ. ದಿನಕ್ಕ ಚಹಾ ಎಷ್ಟು ಕಪ್ಪಾತು ಅಂತ ಬರದಿಡ್ತೇನಿ. ನಿಮ್ಮ ಅತ್ತಿ ಹನ್ನೆರಡು ಅಂತಾಳ, ನಾ ನಾಲ್ಕಂತೇನಿ. ಒಮ್ಮೆ ಫೈಸಲಾ ಆಗ್ಲಿ."

"ನೀವು ಸುಮ್ನ ಕುಂದರ್ರಿ!" ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಅಂದರು. ಆ ತಿಂಗಳಲ್ಲಿ ಅವರಿಬ್ಬರೂ ಕೂಡಿ ಆಡಿದ ಮಾತು ಅದೊಂದೇ.

ಮೂರನೆಯ ವಾರ ಶಾಂಭವಿ ನೋಟುಬುಕ್ಕುಗಳನ್ನು ಕೂಡಿಸಿಕೊಂಡಳು. ಇಂಥವರು ಎರಡು, ಇಂಥವರು ಮೂರು, ಬಹಳವಾದರೆ ನಾಲ್ಕು. ಒಂದರಲ್ಲಿ ಮಾತ್ರ, ದಿನ ಬಿಟ್ಟು ದಿನವಲ್ಲ, ದಿನಾಲೂ ಏಳು. ಅದು ರಾಧಿಕಾಳದು. ಮಟಕಿ ಎಂಬ ಹಳ್ಳಿಯಿಂದ ಬಸ್ಸಿಗೆ ಬಂದು ಹೋಗುವ ಹುಡುಗಿ. ಎತ್ತರದ ಆಳು, ಕಂಬದ ಮಗ್ಗುಲಿಗೆ ಕೂತು ತಲೆಯೆತ್ತದೆ ಉಂಡು, ತಾನು ಕೂತ ಜಾಗ ತಾನೇ ಒರೆಸಿ ಹೋಗುವವಳು. ಕ್ಲಾಸಿನಲ್ಲಿ ಆ ಹುಡುಗಿಯ ಧ್ವನಿ ಕೇಳಿದ ನೆನಪು ಶಾಂಭವಿಗಿರಲಿಲ್ಲ.

ಹೆಸರು ಹೇಳಬಾರದೆಂಬ ಎಚ್ಚರ ಅವಳಿಗಿತ್ತು. ಅಷ್ಟೇ ಸಾಕು ಅಂದುಕೊಂಡಳು. ಬೋರ್ಡಿನ ಮೇಲೆ ದೊಡ್ಡದೊಂದು ತಾಟು ಬಿಡಿಸಿ, ಅದರೊಳಗೆ ಒಂದರ ಮೇಲೊಂದು ರೊಟ್ಟಿ ಬಿಡಿಸುತ್ತ ಹೋದಳು. ಐದಕ್ಕೆ ನಗೆ ಶುರುವಾಯಿತು. ಏಳಕ್ಕೆ ಬೆಂಚು ಬಡಿದರು. "ಒಂದೇ ಊಟಕ್ಕ ಏಳು. ಇದು ಹಸಿವೋ, ಚಟವೋ?" ಎಂದು ಕೇಳುವಾಗ ಅವಳ ತುಟಿಯ ಮೇಲೂ ನಗೆಯಿತ್ತು. ಕ್ಲಾಸು ಇಷ್ಟು ಕಳೆಗಟ್ಟಿದ್ದು ಅದೇ ಮೊದಲು. ಹಿಂದಿನ ಬೆಂಚಿನಲ್ಲಿ ರಾಧಿಕಾ ಪೆನ್ನಿನ ಟೊಪ್ಪಿಗೆ ಹಾಕುತ್ತಿದ್ದಳು, ತೆಗೆಯುತ್ತಿದ್ದಳು.

ಪಂಕ್ತಿಯಲ್ಲಿ ಕೂತು ಉಂಡವರಿಗೆ ಹೆಸರು ಹೇಳಬೇಕೇ? ಸಂಜೆ ಚಹಾ ಹೊತ್ತಿಗೆ ಶೈಲಶ್ರೀ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಕಿರೀಟದ ಚಿತ್ರ ಹಾಕಿ, ಕೆಳಗೆ 'ಏಳು ರೊಟ್ಟಿ ರಾಣಿ, ಮಟಕಿ ಸಂಸ್ಥಾನ' ಎಂದು ಬರೆದಳು. ನಲವತ್ತು ಮಂದಿ ನಕ್ಕರು.

ಮಾರನೆಯ ದಿನ ರಾಧಿಕಾ ಎರಡು ರೊಟ್ಟಿಗೆ ತಾಟಿನ ಮೇಲೆ ಅಂಗೈ ಮುಚ್ಚಿದಳು. ಕಸ್ತೂರಿಬಾಯಿ ಬುಟ್ಟಿ ಹಿಡಿದು ಕಾದಳು. ಅಂಗೈ ಸರಿಯಲಿಲ್ಲ. ಅದರ ಮರುದಿನವೂ ಎರಡೇ. ಮೂರನೆಯ ದಿನ, ಬೆಳಗಿನ ಏಳು ಗಂಟೆಗೆ, ಶಾಂಭವಿ ಎಲ್ಲರನ್ನೂ ಮೈದಾನದಲ್ಲಿ ಅರ್ಧ ತಾಸು ಬಿರುಸಾಗಿ ನಡೆಸುತ್ತಿದ್ದಳು. ನಾಲ್ಕನೆಯ ಸುತ್ತಿನಲ್ಲಿ ಆ ಎತ್ತರದ ಹುಡುಗಿ ಜೋಳದ ಕಣಿಕೆಯ ಸೂಡು ಬಿದ್ದಂತೆ ಬಿದ್ದಳು. ನೀರು ಚಿಮುಕಿಸಿದರು, ಬಿಸ್ಕಿಟ್ಟು ತಿನ್ನಿಸಿದರು. "ಏನಿಲ್ರಿ ಮೇಡಂ, ಬಿಸಿಲು," ಎಂದಳು. ಏಳು ಗಂಟೆಗೆ ಎಲ್ಲಿಯ ಬಿಸಿಲು! ಆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ.

ಒಂದು ವಾರ ಕಂಬದ ಮಗ್ಗುಲು ಖಾಲಿಯೇ ಉಳಿಯಿತು. ಒಂಬತ್ತನೆಯ ದಿನ ಕಸ್ತೂರಿಬಾಯಿ ಮಗಳನ್ನು ಒಲೆಯ ಮುಂದೆ ಕರೆದಳು.

"ಮಟಕಿ ಹುಡುಗಿ ಯಾಕ ಬರವಲ್ದು?"

"ನನಗೇನ್ ಗೊತ್ತವ್ವಾ?"

"ನನ್ನ ಮಾರಿ ನೋಡಿ ಹೇಳು."

ಶೈಲಶ್ರೀ ನೋಡಲಿಲ್ಲ. ನೆಲ ನೋಡುತ್ತಲೇ ಕಿರೀಟದ ಮಾತು ಹೇಳಿದಳು. ಆಮೇಲೆ, ತನ್ನೊಬ್ಬಳ ಮೇಲೇ ಬರಬಾರದೆಂದು, ವೈನಿ ಬೋರ್ಡಿನ ಮೇಲೆ ಬಿಡಿಸಿದ್ದನ್ನೂ ಹೇಳಿದಳು. ಬಾಗಿಲಲ್ಲಿ ಸೀರೆ ನೆರಿಗೆ ಸರಿಮಾಡಿಕೊಳ್ಳುತ್ತಿದ್ದ ಶಾಂಭವಿ ಅಲ್ಲೇ ನಿಂತಳು.

ಕಸ್ತೂರಿಬಾಯಿ ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ಆಕಿ ಏಳು ಉಣ್ಣತಿದ್ದಳಂತ ನನಗ ಗೊತ್ತಿರಲಿಲ್ಲ ಅಂದ್ಕೊಂಡಿಯೇನು ಶಾಂಭವಿ? ಎಣಸಲಿಲ್ಲ ಅಂದ್ರ ಕಾಣಲಿಲ್ಲ ಅಂತಲ್ಲ. ಮುಂಜಾನಿ ಹೊಟ್ಟಿಗೆ ಬಿದ್ದವರು ಹ್ಯಾಂಗ ಉಣ್ಣತಾರ, ಬೀಳದವರು ಹ್ಯಾಂಗ ಉಣ್ಣತಾರ, ಮೊದಲನೇ ತುತ್ತಿನ್ಯಾಗ ಗೊತ್ತಾಗ್ತದ. ಅದು ಆಕಿಗಿ, ನನಗ, ದೇವರಿಗಿ ಗೊತ್ತಿತ್ತು. ನೀ ಊರಿಗಿ ತೋರಿಸಿದಿ."

"ನಾ ಹೆಸರು ಹೇಳಿಲ್ರಿ ಅತ್ತಿ."

"ಹೌದು. ಭಾಳ ದೊಡ್ಡ ಉಪಕಾರ ಮಾಡಿದಿ." ಆಕೆ ಸೊಸೆ ನಾದಿಟ್ಟಿದ್ದ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಂಡಳು. "ಆ ಹುಡುಗಿ ಬಂದು ನನ್ನ ಪಂಕ್ತಿಯೊಳಗ ಕುಂತು ಹೊಟ್ಟಿತುಂಬ ಉಣ್ಣೋತನ ನೀ ನನ್ನ ಒಲಿ ಮುಂದ ಬರಬ್ಯಾಡ. ಶೈಲಾ, ನೀ ಕುಂದ್ರು. ಇವತ್ತಿಂದ ರೊಟ್ಟಿ ನೀ ಬಡಿ."

"ನನಗ ಬರಂಗಿಲ್ಲವ್ವಾ!"

"ಕಿರೀಟ ಮಾಡಾಕ ಬರ್ತದಲ್ಲ. ಇದೂ ಬರ್ತದ."

ಅಂದಿನಿಂದ ಶಾಂಭವಿಯ ಶಿಕ್ಷೆ ಶುರುವಾಯಿತು. ಬೈಗುಳವಿಲ್ಲ, ಮಾತಿಲ್ಲ. ಮಧ್ಯಾಹ್ನ ಹುಡುಗರ ಸಾಲಿನಲ್ಲೇ ಅವಳಿಗೊಂದು ತಾಟು ಹಚ್ಚಿಡುತ್ತಿದ್ದಳು ಅತ್ತೆ, ದುಡ್ಡು ಕೊಟ್ಟು ಉಣ್ಣುವ ಗಿರಾಕಿಗೆ ಹಚ್ಚಿದ ಹಾಗೆ. ನಾಲ್ಕು ವರ್ಷ ಎಲ್ಲರೂ ಎದ್ದ ಮೇಲೆ ಅತ್ತೆಯ ಜೊತೆ ಒಲೆಯ ಮುಂದೆ ಕೂತು ಒಂದೇ ಬಟ್ಟಲಿನ ಪಲ್ಯ ಹಂಚಿಕೊಂಡು ಉಂಡವಳಿಗೆ, ಹೊತ್ತಿಗೆ ಸರಿಯಾಗಿ ಬಂದ ಆ ಊಟ ಸೇರುತ್ತಿರಲಿಲ್ಲ. ಒಳಗಿನಿಂದ ಶೈಲಶ್ರೀ ಸುಟ್ಟ ರೊಟ್ಟಿಗಳ ವಾಸನೆ ಬರುತ್ತಿತ್ತು.

ಒಂದು ಸಂಜೆ ಅವಳು ತನ್ನ ಹತ್ತಿರವೇ ಉಳಿದಿದ್ದ ರಾಧಿಕಾಳ ತಾಟಿನ ಪುಸ್ತಕ ಮತ್ತೆ ತೆರೆದಳು. ಈ ಸಲ ಏಳನ್ನು ಬಿಟ್ಟು ಉಳಿದದ್ದನ್ನು ಓದಿದಳು. ಬೆಳಿಗ್ಗೆ ಎಂಬಲ್ಲಿ ಒಂದು ಅಡ್ಡಗೀಟು. ರಾತ್ರಿ ಎಂಬಲ್ಲಿ ಒಂದು ಅಡ್ಡಗೀಟು. ಕೆಲವು ದಿನ 'ಅರ್ಧ'. ಒಂದು ಕಡೆ 'ಚಹಾ'. ಕಾಲೇಜಿದ್ದ ದಿನವೆಲ್ಲ, ಪುಟದಿಂದ ಪುಟಕ್ಕೆ, ಗೀಟು, ಏಳು, ಗೀಟು. ಖರೆ ಬರೆಯಿರಿ ಎಂದಿದ್ದಳು. ಆ ಹುಡುಗಿ ಖರೆ ಬರೆದಿದ್ದಳು. ಓದುವ ಮೇಡಂ ಅಂಕಿ ಮಾತ್ರ ಓದಿದ್ದಳು.

ಶನಿವಾರ ಸಿದ್ದಲಿಂಗ ಬಂದ. ಚೀಲ ಇಳಿಸುವ ಮೊದಲೇ ಅಪ್ಪ ಕಟ್ಟೆಯ ಮೇಲೆ ಎಲ್ಲ ವರದಿ ಒಪ್ಪಿಸಿದ್ದರು.

"ಆ ಪೇಪರ್ ಬ್ಯಾರೆಯವರಿಗಿ ಕೊಡ್ರಿ ಅಂತ ಹೇಳಿಬಿಡು ನೋಡು," ಎಂದ.

"ಪೇಪರ್ ಬಿಟ್ರ ರಾಧಿಕಾ ಬರ್ತಾಳೇನು?"

"ನಿನಗ್ಯಾಕ ಬೇಕು ಇನ್ನೊಬ್ಬರ ಹೊಟ್ಟಿ ಉಸಾಬರಿ?"

"ಅದನ್ನೇ ಕಲಸಾಕ ನನಗ ಪಗಾರ ಕೊಡ್ತಾರ." ಅವಳು ಅವನ ಕೈಯ ಚೀಲ ತೆಗೆದುಕೊಂಡಳು. "ತಿಂಗಳ ಕೊನಿಗಿ ಹಾಜರಿ ಪಟ್ಟಿ ಹೋಗ್ತದ. ಆಕಿ ಬರಲಿಲ್ಲಂದ್ರ ಪರೀಕ್ಷಿಗಿ ಕುಂದರಂಗಿಲ್ಲ ಅಂತ ನಾನೇ ಸಹಿ ಮಾಡಬೇಕು. ನನ್ನ ಕೈಲೆ. ಇನ್ನ ಹನ್ನೊಂದು ದಿನ ಅದ."

ಸಿದ್ದಲಿಂಗ ಚಪ್ಪಲಿ ಬಿಟ್ಟು ಒಳಗೆ ಹೋದ. ಅವ್ವ ಹೆಂಡತಿಯ ನಡುವೆ ಬಾಗಿಲಲ್ಲಿ ನಿಲ್ಲುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ.

ಭಾನುವಾರ ಶಾಂಭವಿ ನಾದಿನಿಯ ಕೈ ಹಿಡಿದುಕೊಂಡೇ ಮಟಕಿಯ ಬಸ್ಸು ಹತ್ತಿದಳು. ಸೀಟು ಸಿಗದೆ ನಿಂತರು. "ವೈನಿ, ಏನಂತ ಹೇಳೂನು?" ಎಂದು ಶೈಲಶ್ರೀ ನಾಲ್ಕು ಸಲ ಕೇಳಿದಳು.

ರಾಧಿಕಾಳ ಮನೆ ಊರ ನಡುವೆ, ಬೇವಿನ ಗಿಡದ ಎದುರು. ಹುಡುಗಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು; ಆ ಸದ್ದಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅಪ್ಪ ಹಣಮಂತ್ರಾಯ ಮತ್ತು ಇಬ್ಬರು ಅಣ್ಣಂದಿರು ಉಣ್ಣುತ್ತಿದ್ದರು, ಬುಟ್ಟಿ ಅವರ ಮುಂದೆಯೇ ಬರಿದಾಗುತ್ತಿತ್ತು. ಅವ್ವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮೇಡಂ ಎಂದು ಗೊತ್ತಾದ ಕೂಡಲೇ ಹಣಮಂತ್ರಾಯ ತಾಟು ಸರಿಸಿ ಎದ್ದ.

"ಬರ್ರಿ, ಕುಂದರ್ರಿ. ನೀರು ತಗೋರಿ. ಅಷ್ಟೇ, ಹುಡುಗಿನ್ನ ಕಳಸು ಅನ್ನಬ್ಯಾಡ್ರಿ."

"ಪರೀಕ್ಷಿ ಹತ್ರ ಬಂತ್ರಿ. ಆಕಿ ಛಲೋ ಓದ್ತಾಳ."

"ಓದ್ತಾಳ, ಉಣ್ಣತಾಳ. ಆ ಕಿರೀಟದ ಚಿತ್ರ ಫೋನಿಂದ ಫೋನಿಗಿ ಇಲ್ಲಿತನ ಬಂತು, ಎರಡೂ ಊರಿಗಿ ಗೊತ್ತಾತಲ್ರಿ." ಅವನು ಬೀದಿಯ ಕಡೆ ನೋಡಿ ಧ್ವನಿ ತಗ್ಗಿಸಿದ. "ಹಣಮಂತ್ರಾಯ ಮನ್ಯಾಗ ಮಗಳಿಗಿ ಉಪವಾಸ ಕೆಡವ್ತಾನ, ಅದಕ್ಕ ಆಳಂದಕ್ಕ ಹೋಗಿ ಏಳೇಳು ರೊಟ್ಟಿ ಹೊಡಿತಾಳ ಅಂತ ಕಟ್ಟಿ ಮ್ಯಾಲೆ ಕುಂತು ಮಾತಾಡ್ತಾರ. ಅಫಜಲಪುರ ಕಡಿಂದ ಬೀಗರು ನೋಡಾಕ ಬರೋರಿದ್ರು. ಅವರ ಕಿವಿಗೂ ಹೋಗ್ಯದ. ನನ್ನ ಇಜ್ಜತ್ ಏನಾತು ಹೇಳ್ರಿ?"

"ನಂದೇ ತಪ್ಪು ಅದ. ನಾ ಬೇಕಾದ್ರ ಎಲ್ಲಾರ ಮುಂದ..."

"ಬ್ಯಾಡ್ರಿ! ಇನ್ನೊಮ್ಮೆ ಅದೇ ಮಾತು ಎಲ್ಲಾರ ಮುಂದ ತೆಗೀಬ್ಯಾಡ್ರಿ."

ಹೊರಡುವಾಗ ರಾಧಿಕಾ ಬಾಗಿಲ ತನಕ ಬಂದಳು. ಕೈತುಂಬ ಹಿಟ್ಟು. ಶೈಲಶ್ರೀ ಅಳುತ್ತ ಏನೋ ಹೇಳಹೋದಳು.

"ಇರಲಿ ಬಿಡು," ಎಂದಳು ರಾಧಿಕಾ. "ಮೇಡಂ, ಬೋರ್ಡ್ ಮ್ಯಾಲಿಂದು ನೀವು ಒರಸಿದ್ರಿ. ನಮ್ಮಪ್ಪನ ತಲ್ಯಾಗಿಂದು ಯಾರು ಒರಸ್ತಾರ್ರಿ?" ಕೋಪವಿರಲಿಲ್ಲ ಆ ಮಾತಿನಲ್ಲಿ. ಅಷ್ಟು ಹೇಳಿ, ಅಣ್ಣ ರೊಟ್ಟಿ ಕೇಳಿದನೆಂದು ಒಳಗೆ ಹೋದಳು.

ಸೋಮವಾರದ ಕ್ಲಾಸಿನಲ್ಲಿ ಶಾಂಭವಿ ಎಲ್ಲರ ನೋಟುಬುಕ್ಕು ತೆಗೆಸಿ, 'ಎಷ್ಟು' ಎಂಬ ಮೂರನೆಯ ಗೀಟಿನ ಜಾಗವನ್ನು ಮಸಿಯಿಂದ ಹೊಡೆಸಿದಳು. "ಎಷ್ಟೊತ್ತಿಗೆ ಉಂಡ್ರಿ, ಯಾವ ಹೊತ್ತು ಉಣ್ಣಲಿಲ್ಲ, ಅಷ್ಟೇ ಬರೀರಿ. ನನಗ ಮಾತ್ರ ತೋರಸ್ರಿ." ಆ ಒಂದು ವಾರದಲ್ಲಿ ಅವಳಿಗೆ ಗೊತ್ತಾದದ್ದು: ತನ್ನ ಎದುರು ಕೂತು ಸೊಪ್ಪು ಹಣ್ಣಿನ ಪಾಠ ಬರೆದುಕೊಂಡವರಲ್ಲಿ ಅರ್ಧಕ್ಕರ್ಧ ಮಂದಿ, ಅದರಲ್ಲೂ ಹುಡುಗಿಯರು, ಬರೀ ಚಹಾದ ಮೇಲೆ ಬಸ್ಸು ಹತ್ತಿ ಬರುತ್ತಿದ್ದರು. ಅಫಜಲಪುರದ ಮಹೆಕ ಎಂಬ ಹುಡುಗಿ ನೋಟುಬುಕ್ಕು ಕೊಡುತ್ತ, "ಮೇಡಂ, ಮೊದಲೇ ಇದನ್ನ ಕೇಳಿದ್ರ ಆಗ್ತಿತ್ತಲ್ರಿ," ಎಂದಳು.

ಇಷ್ಟು ಗೊತ್ತಾದರೂ ರಾಧಿಕಾ ಮಾತ್ರ ಬರಲಿಲ್ಲ. ಪಟ್ಟಿಗೆ ನಾಲ್ಕು ದಿನ ಉಳಿದಾಗ ಶಾಂಭವಿ ಒಲೆಯ ಕೋಣೆಯ ಹೊಸ್ತಿಲಿನ ಹೊರಗೆ ಕೂತಳು. ಒಳಗೆ ಬರಬಾರದೆಂದಿದ್ದಳು ಅತ್ತೆ, ಹೊಸ್ತಿಲಿಗೆ ನಿಷೇಧವಿರಲಿಲ್ಲ. ಮಟಕಿಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅಣ್ಣಂದಿರು, ಬೀಗರು, ಕಟ್ಟೆಯ ಮಂದಿ. ಕಸ್ತೂರಿಬಾಯಿ ಬೇಳೆ ಆರಿಸುತ್ತ ಕೇಳಿದಳು.

"ಆ ಅಪ್ಪಗ ಮಗಳ ಹೊಟ್ಟಿ ಚಿಂತಿ ಇಲ್ಲ. ಮಂದಿ ಬಾಯಿ ಚಿಂತಿ," ಎಂದಳು ಕೊನೆಗೆ. ಮೊರ ಕೆಳಗಿಟ್ಟಳು. "ನಾಳೆ ಮಂದಿಗಿ ಊಟ ಇಲ್ಲಂತ ಹೇಳು."

ಕಲ್ಯಾಣಪ್ಪ ಕಟ್ಟೆಯಿಂದ ಎದ್ದೇ ನಿಂತರು. "ಏನಂದಿ? ನಿಮ್ಮವ್ವ ತೀರಿದಾಗೂ ಒಲಿ ಹತ್ತಿತ್ತು ಈ ಮನ್ಯಾಗ!"

"ನಾಳೆ ಹತ್ತಂಗಿಲ್ಲ. ಚಹಾ ಹೊರಗ ಕುಡೀರಿ."

ಅತ್ತೆ ಸೊಸೆ ಇಬ್ಬರೂ ಮಟಕಿಯಲ್ಲಿ ಬಸ್ಸಿಳಿದಾಗ ಹನ್ನೊಂದಾಗಿತ್ತು. ಕಸ್ತೂರಿಬಾಯಿ ಹಣಮಂತ್ರಾಯನ ಮನೆಯೊಳಗೆ ಹೋಗಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ, ನಾಲ್ಕೈದು ಮಂದಿ ಕೂತಿದ್ದ ಕಡೆಯೇ ಹೋಗಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡಳು. ಅಲ್ಲಿಂದಲೇ ಕರೆದಳು. ಅವನು ಹೊರಗೆ ಬಂದ. ಬಾಗಿಲ ಹಿಂದೆ ರಾಧಿಕಾ ನಿಂತಳು.

"ನಾ ಆಳಂದದ ಖಾನಾವಳಿ ಕಸ್ತೂರಿಬಾಯಿ. ನಿಮ್ಮ ಮಗಳು ಉಣ್ಣತಿದ್ದದ್ದು ನನ್ನ ಮನ್ಯಾಗ. ಒಂದು ಮಾತು ಹೇಳಿ ಹೋಗಬೇಕಂತ ಬಂದೇನಿ."

"ಒಳಗ ಬರ್ರಿ, ಒಳಗ ಮಾತಾಡೂನು."

"ಇಲ್ಲೇ ಛಲೋ ಅದ. ನನಗ ಮೊಣಕಾಲು ಬ್ಯಾನಿ." ಆಕೆಯ ಧ್ವನಿ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಮುಟ್ಟುವ ಧ್ವನಿ, ಕಟ್ಟೆಯ ಮಂದಿ ತಿರುಗಿ ಕೂತರು. "ನನಗ ಸಕ್ರಿ ಬ್ಯಾನಿ ಅದ. ಡಾಕ್ಟರ್ ರೊಟ್ಟಿ ಕಮ್ಮಿ ಮಾಡು ಅಂದ. ಈಕಿ ನನ್ನ ಸೊಸಿ, ನಿಮ್ಮ ಮಗಳ ಮೇಡಂ. ಆರೋಗ್ಯದ ಪಾಠ ಹೇಳೋಳು. ಮನ್ಯಾಗ ನನ್ನ ಮ್ಯಾಲೆ ಪೊಲೀಸಿನಂಗ ಕಣ್ಣಿಟ್ಟಿದ್ಳು. ನನಗ ತಡಿಯಾಕ ಆಗಲಿಲ್ಲ. ನಿಮ್ಮ ಮಗಳು ಬಾಯಿ ಇಲ್ಲದ ಹುಡುಗಿ, ಕಂಬದ ಮಗ್ಗಲಿಗಿ ಕುಂದರ್ತಿದ್ಳು. ಆಕಿ ತಾಟಿಗಿ ನಾಲ್ಕೈದು ರೊಟ್ಟಿ ಜಾಸ್ತಿ ಹಾಕಿ, ಕಂಬದ ಮರಿಗಿ ನಿಂತು ನಾ ಉಣ್ಣತಿದ್ದೆ. ಕದ್ದು. ದಿನಾ."

ಶಾಂಭವಿ ಅತ್ತೆಯ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಉಣ್ಣಲು ಕೂತವರ ತಾಟಿನ ಮೇಲೆ ನೆರಳು ಬೀಳದಂತೆ ನಡೆದವಳು ಈಕೆ.

"ಮತ್ತ ಪುಸ್ತಕದಾಗ ಬರದದ್ದು?" ಎಂದ ಹಣಮಂತ್ರಾಯ.

"ತಾಟಿಗಿ ಬಿದ್ದದ್ದು ಬರೀರಿ ಅಂದ್ರು, ಪಾಪ, ಬಿದ್ದದ್ದು ಬರದ್ಳು. ಮುದುಕಿ ಕದ್ದು ಉಣ್ಣತಾಳ ಅಂತ ಬರೀತಾಳೇನು? ನನ್ನ ಮಾನ ಕಾಯ್ದು ತನ್ನ ಮಾನ ಕಳಕೊಂಡ್ಳು. ಅದು ತಡೀಲಾರ್ದ ಬಂದೇನಿ."

ಹಣಮಂತ್ರಾಯ ಶಾಂಭವಿಯ ಕಡೆ ತಿರುಗಿದ. ಕಟ್ಟೆಯ ಮಂದಿಯೂ ತಿರುಗಿದರು.

"ಹೌದೇನ್ರಿ ಮೇಡಂ?"

ಅತ್ತೆ ಸೊಸೆಯ ಕಡೆ ನೋಡಲಿಲ್ಲ. ಗಿಡದ ಮೇಲೆ ಏನೋ ಹುಡುಕುತ್ತಿದ್ದಳು. ಬಾಗಿಲ ಸಂದಿಯಲ್ಲಿ ರಾಧಿಕಾಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು.

"ಹೌದ್ರಿ," ಎಂದಳು ಶಾಂಭವಿ. ಮತ್ತೆ ಹೇಳಿದಳು, ಕ್ಲಾಸಿನ ಹಿಂದಿನ ಬೆಂಚಿಗೆ ಕೇಳುವಂತೆ. "ನಮ್ಮ ಅತ್ತಿಯವರು ಕದ್ದು ಉಣ್ಣತಿದ್ರು. ನಾನೇ ಹಿಡದೇನಿ."

ಕಟ್ಟೆಯ ಮೇಲಿನ ಒಬ್ಬ ಮುದುಕಿ ಬೊಚ್ಚುಬಾಯಿ ತೆರೆದು ನಗತೊಡಗಿದಳು. "ನಿನ್ನ ಸೊಸಿ ಭಾಳ ಜೋರದಾಳ ಬಿಡವ್ವಾ! ನನ್ನ ಸೊಸಿನೂ ಬೆಲ್ಲ ಮುಚ್ಚಿಡ್ತಾಳ." ಒಬ್ಬರಿಂದ ಒಬ್ಬರಿಗೆ ನಗೆ ಹತ್ತಿತು. ಹಣಮಂತ್ರಾಯ ನಗಲಿಲ್ಲ, ಆದರೆ ಹೆಗಲ ಮೇಲಿನ ಟವೆಲ್ಲು ಝಾಡಿಸಿದ. "ನನ್ನ ಮಗಳು ಅಷ್ಟು ಉಣ್ಣೋಳಲ್ಲ ಅಂತ ನಾ ಮೊದಲೇ ಅಂದಿದ್ದೆ," ಎಂದು ಕಟ್ಟೆಯ ಕಡೆಗೇ ತಿರುಗಿ ಹೇಳಿದ.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

"ಅತ್ತಿ, ನಾಳೆ ಆಳಂದ ತುಂಬ ಗೊತ್ತಾಗ್ತದ್ರಿ. ಖಾನಾವಳಿ ಮಂದಿ ಏನಂತಾರ?"

"ಅನ್ಲಿ. ಏಳು ರೊಟ್ಟಿ ಒಂದು ಹುಡುಗಿ ತಲಿ ಮ್ಯಾಲೆ ಭಾರ ಆಗ್ತಾವ. ನನ್ನ ತಲಿ ಮ್ಯಾಲೆ ಯಾವಾಗ್ಲೂ ಬುಟ್ಟಿನೇ ಇರ್ತದ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು. ಸೆರಗಿನ ತುದಿಯಿಂದ ಹಣೆಯ ಬೆವರು ಒರೆಸಿಕೊಂಡಳು. ಮುಂಜಾನೆಯಿಂದ ಏನೂ ತಿಂದಿರಲಿಲ್ಲವೆಂದು ಶಾಂಭವಿಗೆ ಆಗ ನೆನಪಾಯಿತು.

ಮಾರನೆಯ ಮಧ್ಯಾಹ್ನ ಖಾನಾವಳಿಯಲ್ಲಿ ಎಂದಿಗಿಂತ ಹೆಚ್ಚು ಮಂದಿ. ಊಟಕ್ಕೋ, ನೋಟಕ್ಕೋ. ಶಾಂಭವಿ ಹೊಸ್ತಿಲ ಹೊರಗೆ ನಿಂತಿದ್ದಳು. ಸಾಲು ತುಂಬಿತು, 'ಆಯಿ ಕದ್ದು ಉಣ್ಣತಾಳಂತ' ಎಂಬ ಪಿಸುಮಾತು ಚಾಪೆಯಿಂದ ಚಾಪೆಗೆ ಹರಿಯಿತು. ಕಸ್ತೂರಿಬಾಯಿ ಕೇಳಿಯೂ ಕೇಳದಂತೆ ಬಡಿಸುತ್ತ ಬಂದಳು. ಒಂದೂ ಮುಕ್ಕಾಲಿಗೆ ಬಾಗಿಲಲ್ಲಿ ರಾಧಿಕಾ ಚಪ್ಪಲಿ ಬಿಟ್ಟಳು. ತುತ್ತು ಹಿಡಿದ ಕೈಗಳು ತಾಟಿನಲ್ಲೇ ನಿಂತವು. ಆ ಹುಡುಗಿ ಯಾರನ್ನೂ ನೋಡದೆ ಕಂಬದ ಮಗ್ಗುಲಿಗೆ ಹೋಗಿ ಕೂತಳು; ಆ ತಾಟಿಗೂ ರೊಟ್ಟಿ ಬಿತ್ತು.

ಗುರುಶಾಂತನಿಗೆ ತಡೆಯಲಾಗಲಿಲ್ಲ.

"ಆಯಿ, ಇವತ್ತ ಯಾರ ತಾಟಿಗಿ ಕೈ ಹಾಕ್ತೀರ್ರಿ?"

ಒಬ್ಬಿಬ್ಬರು ಕಿಸಕ್ಕೆಂದರು. ರಾಧಿಕಾಳ ಅಂಗೈ ತಾಟಿನ ಕಡೆ ಸರಿಯುತ್ತಿದ್ದದ್ದು ಶಾಂಭವಿಗೆ ಕಂಡಿತು.

ಕಸ್ತೂರಿಬಾಯಿ ಬುಟ್ಟಿಯನ್ನು ನೆಲಕ್ಕಿಟ್ಟಳು. ನಡೆದು ಗುರುಶಾಂತನ ಎದುರಿಗೆ ಬಂದಳು. ಬಂದು, ಮೊಣಕಾಲು ಹಿಡಿದುಕೊಂಡು, ಅವನ ಮಗ್ಗುಲ ಚಾಪೆಯ ಮೇಲೆ ಕೂತಳು. ಆ ಪಂಕ್ತಿಯಲ್ಲಿ ಆಕೆ ಕೂತದ್ದನ್ನು ಗಂಡನೂ ನೋಡಿರಲಿಲ್ಲ, ಮಗಳೂ ನೋಡಿರಲಿಲ್ಲ.

"ನಿನ್ನ ತಾಟಿಗೇ ಬಂದೇನಿ ಲೇ. ಜರಾ ಸರಿ."

ಅವನ ತಾಟಿನ ಅಂಚಿಗೆ ಮಡಚಿಟ್ಟಿದ್ದ ಮುಟ್ಟದ ರೊಟ್ಟಿ ಎತ್ತಿಕೊಂಡಳು. ಮುರಿದಳು. ಹಿಂಡಿಗೆ ಹಚ್ಚಿದಳು. ಇಡೀ ಪಡಸಾಲೆ ನೋಡುತ್ತಿರಲು ಬಾಯಿಗಿಟ್ಟು ಅಗಿದಳು. ಎರಡನೆಯ ತುತ್ತು. ಮೂರನೆಯದು. ಹಸಿದವರು ಉಣ್ಣುವಂತೆ ಉಣ್ಣುತ್ತಿದ್ದಳು, ಅದರಲ್ಲಿ ನಟನೆಯಿರಲಿಲ್ಲ.

"ಏನ ನೋಡಾಕತ್ತೀರಿ? ಉಣ್ರಿ. ಬಾಯಿ ನಿಮ್ಮವು ನಿಮ್ಮ ಹತ್ರ ಇಲ್ಲೇನು?"

ಗುರುಶಾಂತ ತಲೆ ತಗ್ಗಿಸಿ ತನ್ನ ತಾಟನ್ನು ಆಕೆಯ ಕಡೆಗೆ ಸರಿಸಿದ. ಒಬ್ಬೊಬ್ಬರಾಗಿ ಕೈಗಳು ತುತ್ತಿಗೆ ಮರಳಿದವು. ರಾಧಿಕಾ ಅಂಗೈ ತೆಗೆದು ರೊಟ್ಟಿ ಮುರಿದಳು. ಅವಳ ತಾಟು ಬೇಗ ಖಾಲಿಯಾಯಿತು. ಮತ್ತೆ ಹಾಕುವವರಿರಲಿಲ್ಲ, ಬುಟ್ಟಿ ನೆಲದ ಮೇಲಿತ್ತು, ಬಡಿಸುವವಳು ಉಣ್ಣುತ್ತಿದ್ದಳು.

ಕಸ್ತೂರಿಬಾಯಿ ಅಗಿಯುತ್ತಲೇ ಹೊಸ್ತಿಲ ಕಡೆ ಕಣ್ಣೆತ್ತಿದಳು.

"ನಿಂತು ಏನ ನೋಡಾಕತ್ತೀದಿ ಬೇ ಶಾಂಭವಿ? ಶೈಲಾ ಒಳಗ ರೊಟ್ಟಿ ಸುಟ್ಟು ಹಾಕಾಕತ್ತಾಳ, ವಾಸನಿ ಬರವಲ್ದೇನು? ಆಕಿನ್ನ ಬುಟ್ಟಿ ಹಿಡದು ಬಡಸಾಕ ಕಳಸು. ನೀ ಒಲಿ ಮುಂದ ಕುಂದ್ರು ಹೋಗು."